ಶವಪೆಟ್ಟಿಗೆಗೂ ಕಾನೂನು ಮಾಡಿದ ದೊರೆ

ತಾಯಿ ಮರಿಯಾ ಥೆರೇಸಾ ಜತೆ ಹದಿನೈದು ವರ್ಷ ಆಳ್ವಿಕೆ ಹಂಚಿಕೊಂಡಿದ್ದ ಆಸ್ಟ್ರಿಯಾದ ಎರಡನೇ ಜೋಸೆಫ್, 1780ರಲ್ಲಿ ಆಕೆ ತೀರಿಕೊಂಡ ಮೇಲೆ ಒಬ್ಬನೇ ದೊರೆಯಾದ. ಅವನಿಗೆ ಅವಸರವೋ ಅವಸರ. ಮರುವರ್ಷವೇ ಪ್ರಾಟೆಸ್ಟೆಂಟರಿಗೆ ತಮ್ಮ ಧರ್ಮ ಪಾಲಿಸಲು ಅವಕಾಶ ಕೊಟ್ಟ. ಬೊಹೆಮಿಯಾದ ಜೀತದ ರೈತರು ಒಡೆಯನ ಅಪ್ಪಣೆಗೆ ಕಾಯದೆ ಮದುವೆಯಾಗಬಹುದು, ಊರು ಬಿಡಬಹುದು ಎಂದ. 1784ರಲ್ಲಿ ವಿಯೆನ್ನಾದಲ್ಲಿ ದೊಡ್ಡ ಸಾರ್ವಜನಿಕ ಆಸ್ಪತ್ರೆ ತೆರೆದ.

ಅದೇ ವರ್ಷ ಮರ ಉಳಿಸಲೆಂದು, ತಳ ತೆರೆದು ಶವ ಇಳಿಸಿ ಮತ್ತೆ ಬಳಸಬಹುದಾದ ಪೆಟ್ಟಿಗೆಯನ್ನು ಕಡ್ಡಾಯ ಮಾಡಿದ! ಲೆಕ್ಕವೇನೋ ಸರಿ. ಆದರೆ ಸತ್ತವರ ಮನೆಯವರನ್ನು ಕೇಳಿದವರಾರು? ಜನ ರೊಚ್ಚಿಗೆದ್ದರು, ಆದೇಶ ವಾಪಸಾಯಿತು.

ಹಂಗೇರಿಯಲ್ಲಿ ಮಾಡಿದ್ದೂ ಇದನ್ನೇ. ಆಡಳಿತಕ್ಕೆ ಸಲೀಸೆಂದು ಕಚೇರಿಗಳಲ್ಲಿ ಲ್ಯಾಟಿನ್ ತೆಗೆದು ಜರ್ಮನ್ ತಂದ. ಅವನಿಗೆ ಅದು ಬರೀ ಅನುಕೂಲದ ಮಾತು. ಪರಊರಿನ ಕೌಂಟರುಗಳಲ್ಲಿ ಅರ್ಥವಾಗದ ಫಾರಂ ಹಿಡಿದು ನಿಂತ ನಮಗೆ ಹಂಗೇರಿಯವರ ಸಿಟ್ಟು ಬಿಡಿಸಿ ಹೇಳಬೇಕಿಲ್ಲ. ಟೆಸ್ಟಿಂಗ್ ಇಲ್ಲದೆ ನೇರ ಪ್ರೊಡಕ್ಷನ್‌ಗೆ ಕೋಡ್ ಹಾಕುವವರನ್ನು ಕಂಡಾಗಲೆಲ್ಲ ನನಗೆ ಇವನದೇ ನೆನಪು.

1790ರ ಜನವರಿಯಲ್ಲಿ, ಕ್ಷಯದಿಂದ ಹಾಸಿಗೆ ಹಿಡಿದಿದ್ದಾಗ, ಹಂಗೇರಿಯ ಬಹುಪಾಲು ಆದೇಶಗಳನ್ನು ತಾನೇ ರದ್ದು ಮಾಡಿದ. ಧರ್ಮಸಹಿಷ್ಣುತೆಯ ಆದೇಶ ಮತ್ತು ರೈತರ ಬಿಡುಗಡೆಯನ್ನು ಮಾತ್ರ ಮುಟ್ಟಲಿಲ್ಲ. ಫೆಬ್ರವರಿ 20ರಂದು ತೀರಿಕೊಂಡ, ವಯಸ್ಸು 48. ವಿಯೆನ್ನಾದ ರಾಜರ ಸಮಾಧಿಯಲ್ಲಿ ಅಪ್ಪ-ಅಮ್ಮನ ಭಾರಿ ಕೆತ್ತನೆಯ ಪೆಟ್ಟಿಗೆಯ ಮುಂದೆ ಅವನದೊಂದು ಸಾದಾ ತಾಮ್ರದ ಪೆಟ್ಟಿಗೆಯಿದೆ.