ಉಸಿರನ್ನು ಅಳೆದ ವೈದ್ಯನು

1811ರಲ್ಲಿ ಇಂಗ್ಲೆಂಡು ದೇಶದಲ್ಲಿ ಹುಟ್ಟಿದ ಜಾನ್ ಹಚಿನ್‌ಸನ್ ಎಂಬ ವೈದ್ಯನ ಕಾಲದಲ್ಲಿ ಕ್ಷಯರೋಗವು ಗುಟ್ಟಾಗಿ ಎದೆಯನ್ನು ಹೊಕ್ಕು ಅನೇಕರನ್ನು ಕೊಲ್ಲುತ್ತಿತ್ತು. ಅದನ್ನು ಬೇಗ ಕಂಡುಕೊಳ್ಳುವದಕ್ಕೋಸ್ಕರ ಅವನು ನೀರು ತುಂಬಿದ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯನ್ನು ಬೋರಲು ಹಾಕಿ ಸ್ಪೈರೋಮೀಟರ್ ಎಂಬ ಯಂತ್ರವನ್ನು ಮಾಡಿದನು. ಎದೆ ತುಂಬ ಉಸಿರೆಳೆದು ಅದರ ಕೊಳವೆಯಲ್ಲಿ ಊದಿದರೆ ಬೋರಲು ಪಾತ್ರೆಯು ಮೇಲೇಳುವದು. ಅದು ಎಷ್ಟು ಎದ್ದಿತೋ ಅದೇ ಗಾಳಿಯ ಅಳತೆ. ನಾವಿಕರು, ಪೊಲೀಸರು, ದಿಕ್ಕಿಲ್ಲದ ಬಡವರು ಮುಂತಾದ 2,000ಕ್ಕಿಂತ ಹೆಚ್ಚು ಜನರನ್ನು ಅವನು ಪರೀಕ್ಷಿಸಿದನು. ಆಳು ಒಂದಂಗುಲ ಎತ್ತರವಾದಷ್ಟಕ್ಕೆ ಗಾಳಿಯು ಸುಮಾರು 8 ಘನ ಅಂಗುಲ ಹೆಚ್ಚುವದೆಂದೂ, ಕ್ಷಯ ಹಿಡಿದವನಲ್ಲಿ ಕುಗ್ಗುವದೆಂದೂ 1846ರಲ್ಲಿ ಪ್ರಕಟಿಸಿದನು. ಕಡೆಗೆ ಸ್ವದೇಶವನ್ನು ಬಿಟ್ಟುಹೋಗಿ 1861ರಲ್ಲಿ ಫಿಜಿ ದ್ವೀಪಗಳಲ್ಲಿ ತೀರಿಹೋದನು.

ಪ್ರಿಯರೇ, ಉಸಿರು ದೇವರ ದಾನ. ಈಗ ಕ್ಷಯಕ್ಕೆ ಔಷಧವುಂಟು. ಬಿಡದ ಕೆಮ್ಮನ್ನು ನಾಚಿಕೆಯಿಂದ ಮುಚ್ಚಿಡದೆ ಬೇಗನೆ ವೈದ್ಯರಿಗೆ ತೋರಿಸಿರಿ.