ಕೂಲಿಯ ಬೌಲರ್ ಪಾಲವಣಕರ ಬಾಳೂ

ಧಾರವಾಡವೆಂದೊಡನೆ ಕವಿಗಳೂ ಗವಾಯಿಗಳೂ ನೆನಪಿಗೆ ಬರುತ್ತಾರೆ. ಅದೇ ಊರಿನಲ್ಲಿ 1875–76ರ ಸುಮಾರಿಗೆ ಹುಟ್ಟಿ, ಇಡೀ ಹಿಂದುಸ್ಥಾನದ ಮೊದಲ ದೊಡ್ಡ ಬೌಲರ್ ಎನಿಸಿಕೊಂಡ ಪಾಲವಣಕರ ಬಾಳೂ ಅವರನ್ನು ನೆನೆಯುವವರು ವಿರಳ. ಆಗ ಧಾರವಾಡವು ಮುಂಬಯಿ ಇಲಾಖೆಗೆ ಸೇರಿತ್ತು. ಜಮಖಂಡಿ, ಮುಧೋಳಗಳು ತಮ್ಮ ತಮ್ಮ ಅರಸರ ಆಳ್ವಿಕೆಯಲ್ಲಿದ್ದವು. ಕೃಷ್ಣೆ, ಘಟಪ್ರಭೆಗಳ ಈ ಸೀಮೆಯವರು ಓದಿಗೂ ನೌಕರಿಗೂ ಪುಣೆಯ ದಾರಿ ಹಿಡಿಯುತ್ತಿದ್ದ ಕಾಲವದು. ಬಾಳೂ ಅವರ ಮನೆತನವೂ ಪುಣೆಗೆ ಹೋಗಿ ನೆಲೆಸಿತು. ಆದರೆ ವಿದ್ಯೆಯನ್ನರಸಿ ಹೋದದ್ದಲ್ಲ. ತಂದೆ ಸೈನ್ಯದಲ್ಲಿ ಸಣ್ಣ ಚಾಕರಿಯವರು, ಕುಲದಿಂದ ಚರ್ಮಕಾರರು. ಕೊಂಕಣದ ಪಾಲವಣವೆಂಬ ಹಳ್ಳಿಯ ಹೆಸರು ಮನೆತನಕ್ಕೆ ಅಂಟಿಕೊಂಡಿತ್ತು.

ಹುಡುಗನಿಗೆ ದೊರೆತ ಮೊದಲ ಕೆಲಸ ಪಾರ್ಸಿಗಳ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ. ಪಿಚ್ಚು ಗುಡಿಸುವುದು, ರೂಲು ಎಳೆಯುವುದು, ಬಿಡುವಿದ್ದಾಗ ಸದಸ್ಯರಿಗೆ ನಾಲ್ಕು ಚೆಂಡು ಹಾಕುವುದು. ಸಂಬಳ ತಿಂಗಳಿಗೆ ಮೂರು ರೂಪಾಯಿ. 1892ರ ಹೊತ್ತಿಗೆ ಆತ ಬಿಳಿಯರ ಪೂನಾ ಕ್ಲಬ್ಬಿಗೆ ಸೇರಿದ. ಅಲ್ಲಿ ಹನ್ನೆರಡು ರೂಪಾಯಿ. ಕೆಲಸವೂ ಅಷ್ಟೇ ಹೆಚ್ಚಿತು: ಬಲೆ ಕಟ್ಟುವುದು, ಗೆರೆ ಎಳೆಯುವುದು, ಬೇಕಾದಾಗ ಟೆನಿಸ್ ಅಂಗಳವನ್ನೂ ಸಿದ್ಧಗೊಳಿಸುವುದು. ಇವೆಲ್ಲವುಗಳ ನಡುವೆ ಅಧಿಕಾರಿಗಳಿಗೆ ಗಂಟೆಗಟ್ಟಲೆ ಚೆಂಡೆಸೆಯುವ ಕೆಲಸವಿತ್ತು. ಗ್ರೇಗ್ ಎಂಬ ಸೇನಾಧಿಕಾರಿ ಆ ಕಾಲದ ಬಿಳಿಯ ಬ್ಯಾಟುಗಾರರಲ್ಲಿ ಅಗ್ರಗಣ್ಯ. ಆತ ಉಳಿದವರಿಗಿಂತ ಮುಂಚೆಯೇ ಮೈದಾನಕ್ಕೆ ಬಂದು ಬಾಳೂವಿನ ಎದುರು ಅಭ್ಯಾಸ ಮಾಡುತ್ತಿದ್ದನೆಂದೂ, ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದನೆಂದೂ ಹೇಳುವುದುಂಟು. ಹನ್ನೆರಡು ರೂಪಾಯಿಯ ಸಂಬಳಗಾರನಿಗೆ ಎಂಟಾಣೆಯೆಂದರೆ ಒಂದು ದಿನದ ಕೂಲಿಗಿಂತ ಹೆಚ್ಚು. ಚೆಂಡಿನ ಮೊನೆ ಚೂಪಾದದ್ದರಲ್ಲಿ ಆಶ್ಚರ್ಯವೇನು?

ಇಲ್ಲಿ ಒಂದು ಸಂಗತಿಯನ್ನು ಓದುಗರು ಗಮನಿಸಬೇಕು. ಅಷ್ಟು ವರ್ಷ ಬಿಳಿಯರ ನಡುವೆ ಚೆಂಡೆಸೆದ ಬಾಳೂವಿನ ಕೈಗೆ ಅಲ್ಲಿ ಯಾರೂ ಬ್ಯಾಟು ಕೊಡಲಿಲ್ಲ. ಬ್ಯಾಟು ಹಿಡಿಯುವುದು ಒಡೆಯರ ವಿನೋದ, ಚೆಂಡೆಸೆಯುವುದು ಆಳಿನ ದುಡಿಮೆ. ಈ ಭೇದ ಹಿಂದುಸ್ಥಾನದಲ್ಲಿ ಹುಟ್ಟಿದ್ದೇನೂ ಅಲ್ಲ. ಇಂಗ್ಲೆಂಡಿನಲ್ಲಿಯೇ ಹವ್ಯಾಸಿ ಆಟಗಾರರಿಗೆ ಸಭ್ಯ ಗೃಹಸ್ಥರೆಂದೂ, ಸಂಬಳದವರಿಗೆ ಬರಿಯ ಆಟಗಾರರೆಂದೂ ಬೇರೆ ಬೇರೆ ಹೆಸರುಗಳಿದ್ದವು. ಬಿರುಸಿನ ಬೌಲಿಂಗಿನಂಥ ಮೈಮುರಿಯುವ ಕೆಲಸ ಹೆಚ್ಚಾಗಿ ಸಂಬಳದವರ ಪಾಲಿಗೇ ಬರುತ್ತಿತ್ತು. ಆ ಭೇದ ಕಾಗದದ ಮೇಲೆ ಅಳಿದದ್ದು 1962ರಲ್ಲಿ. ಆದರೆ ಅಲ್ಲಿಯ ಸಂಬಳದ ಬೌಲರ್ ತನ್ನ ತಂಡದವರು ಕುಡಿದ ಲೋಟದಲ್ಲಿ ನೀರು ಕುಡಿಯಬಹುದಿತ್ತು.

ಬಾಳೂ ಬಿರುಸಿನ ಬೌಲರ್ ಅಲ್ಲ. ಎಡಗೈಯಿಂದ ನಿಧಾನವಾಗಿ ಚೆಂಡೆಸೆಯುವವರು. ಬಿರುಸಿನ ಬೌಲರನು ಬ್ಯಾಟುಗಾರನನ್ನು ಬೆದರಿಸಿ ಕೆಡಹಿದರೆ ಈ ಬಗೆಯವನು ನಂಬಿಸಿ ಕೆಡಹುತ್ತಾನೆ. ಒಂದೇ ತೋಳಿನ ಬೀಸಿನಲ್ಲಿ ವೇಗವನ್ನು ಕೂಡಿಸಿ ಕಳೆಯುವುದು, ಚೆಂಡನ್ನು ಗಾಳಿಯಲ್ಲಿ ತುಸು ತಡೆದು ಬೀಳಿಸುವುದು, ಬಿದ್ದ ಮೇಲೆ ಎರಡೂ ಕಡೆಗೆ ತಿರುಗಿಸುವುದು, ಇದು ಅವರ ವಿದ್ಯೆ. ಅವರ ಸರಿಸಮಯದಲ್ಲಿ ಯಾರ್ಕ್‌ಷೈರಿನ ವಿಲ್ಫ್ರೆಡ್ ರೋಡ್ಸ್ ಇದೇ ವಿದ್ಯೆಯಿಂದ ಜಗತ್ಪ್ರಸಿದ್ಧನಾದ. ಅವನೂ ಸಂಬಳದ ಆಟಗಾರನೇ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ್ದರೆ ಧಾರವಾಡದ ತಟ್ಟೆ ಬಹಳ ಮೇಲೇಳುತ್ತಿರಲಿಲ್ಲವೆಂದು ನನ್ನ ಎಣಿಕೆ.

ಪುಣೆಯ ಹಿಂದೂಗಳಿಗೆ ಬಿಳಿಯರನ್ನು ಸೋಲಿಸುವ ಹಂಬಲ. ಸೋಲಿಸಬಲ್ಲ ಕೈ ಅಸ್ಪೃಶ್ಯನದು. ಬಹಳ ಚರ್ಚೆಯಾದ ಮೇಲೆ ಬಾಳೂ ಅವರನ್ನು ತಂಡಕ್ಕೆ ಕರೆದರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಆಟ ನಿಂತು ಚಹದ ಹೊತ್ತಾದಾಗ ಮಾತ್ರ ಬಾಳೂ ಪೆವಿಲಿಯನ್ನಿನ ಹೊರಗೆ, ಬಿಸಾಡಲು ಬರುವ ಮಣ್ಣಿನ ಕುಡಿಕೆಯಲ್ಲಿ ಚಹ ಕುಡಿಯಬೇಕು. ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ. ಕೈ ಮುಖ ತೊಳೆಯಬೇಕಾದರೆ ಅವರದೇ ವರ್ಗದ ಆಳು ನೀರು ತಂದುಕೊಡಬೇಕು. ಚೆಂಡಿಗಿಲ್ಲದ ಮೈಲಿಗೆ ಕುಡಿಕೆಗೆ ಹೇಗೆ ಬಂದಿತೋ! ಇದೇ ತಂಡದಲ್ಲಿದ್ದು ಅವರು ಸಾತಾರೆಯಲ್ಲಿ ಬಿಳಿಯರ ತಂಡವನ್ನು ಕೆಡಹಿ ಬಂದಾಗ ಊರು ಅವರನ್ನು ಸನ್ಮಾನಿಸಿತು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಮುಂದೆ ಬಂದು, ಜೊತೆಯಲ್ಲಿ ಆಡುವವರು ಜೊತೆಯಲ್ಲಿ ಉಣ್ಣಲೂ ಬೇಕೆಂದು ತಂಡದವರಿಗೆ ತಿಳಿಹೇಳಿದರೆನ್ನುತ್ತಾರೆ.

ಪುಣೆಗೆ ಪ್ಲೇಗು ಬಂದ ಕಾಲದಲ್ಲಿ ಬಾಳೂ ಮುಂಬಯಿ ಸೇರಿದರು. ಕೆಲಕಾಲ ಸೈನ್ಯದಲ್ಲಿದ್ದು, ಬಳಿಕ ರೈಲ್ವೆಯ ನೌಕರಿ ಹಿಡಿದರು. ಅಲ್ಲಿಯ ಹಿಂದೂ ಜಿಮಖಾನಾದಲ್ಲಿಯೂ ಮೊದಲು ಕೆಲವರು ಮೂಗು ಮುರಿದರು. ಆದರೆ ಬರಬರುತ್ತ ಸಹಭೋಜನದ ಪ್ರಶ್ನೆ ಅಲ್ಲಿ ಸಡಿಲಾಯಿತು. 1906ರ ಫೆಬ್ರುವರಿಯಲ್ಲಿ ಹಿಂದೂ ತಂಡವು ಮುಂಬಯಿಯಲ್ಲಿ ಯುರೋಪಿಯನ್ ತಂಡವನ್ನು 109 ರನ್ನುಗಳಿಂದ ಸೋಲಿಸಿತು. ಹಿಂದೂಗಳದು 242 ಮತ್ತು 160. ಬಿಳಿಯರದು 191 ಮತ್ತು 102. ಬಂಗಭಂಗದ ಕಿಚ್ಚು ಇನ್ನೂ ಆರದಿದ್ದ ಆ ದಿನಗಳಲ್ಲಿ ಈ ಗೆಲವು ಬರಿಯ ಆಟದ ಗೆಲವಾಗಿ ಉಳಿಯಲಿಲ್ಲ. ಗೆಲವಿಗೆ ಕಾರಣವಾದ ಮುಖ್ಯ ಕೈಗಳಲ್ಲಿ ಬಾಳೂ ಅವರದೊಂದು. ತಮ್ಮ ಶಿವರಾಮನೂ ಆ ತಂಡದಲ್ಲಿದ್ದ.

1911ರಲ್ಲಿ ಪಟಿಯಾಲೆಯ ತರುಣ ಮಹಾರಾಜರ ನಾಯಕತ್ವದಲ್ಲಿ ಅಖಿಲ ಹಿಂದುಸ್ಥಾನದ ತಂಡ ಇಂಗ್ಲೆಂಡಿಗೆ ಹೋಯಿತು. ಮಹಾರಾಜರಿಗೆ ಆಟಕ್ಕಿಂತ ಐದನೆಯ ಜಾರ್ಜರ ಪಟ್ಟಾಭಿಷೇಕದ ಸಂಭ್ರಮವೇ ದೊಡ್ಡದಾಯಿತು. ಕೆಲವೇ ಪಂದ್ಯಗಳನ್ನಾಡಿ ಅವರು ತಂಡದಿಂದ ದೂರವಾದರು. ಮೊದಲ ದರ್ಜೆಯ 14 ಪಂದ್ಯಗಳಲ್ಲಿ ಗೆದ್ದದ್ದು ಎರಡು, ಸೋತದ್ದು ಹತ್ತು. ಇಂಥ ಸೋಲುಗಳ ಸಾಲಿನಲ್ಲಿ, ಪರದೇಶದ ಚಳಿಯಲ್ಲಿ, ನೋಯುವ ಭುಜವನ್ನಿಟ್ಟುಕೊಂಡು, ಮೂವತ್ತೈದು ದಾಟಿದ ಬಾಳೂ ದಿನವಿಡೀ ಚೆಂಡೆಸೆದರು. ಆ ಹದಿನಾಲ್ಕು ಪಂದ್ಯಗಳಲ್ಲಿಯೇ 75 ವಿಕೆಟ್ಟುಗಳು ಅವರಿಗೆ ದೊರೆತವು. ಎಲ್ಲ ಪಂದ್ಯಗಳನ್ನೂ ಕೂಡಿಸಿದರೆ 114. ಕೇಂಬ್ರಿಜ್ ವಿಶ್ವವಿದ್ಯಾಲಯದ ಎದುರು ಒಂದೇ ಇನ್ನಿಂಗ್ಸಿನಲ್ಲಿ ಎಂಟು ಮಂದಿಯನ್ನು ಹೊರಗಟ್ಟಿದರು. ಲೀಸ್ಟರ್‌ಷೈರನ್ನು ತಂಡ ಸೋಲಿಸಿದ ಪಂದ್ಯದಲ್ಲಿ ಹನ್ನೊಂದು ವಿಕೆಟ್ಟು ಅವರವೇ.

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಬರಲಿಲ್ಲ. ನಾಯಕರಾಗಿದ್ದ ಎಂ. ಡಿ. ಪೈಯವರೇ, ಈ ಮಾನ ಹಿರಿಯರಾದ ಬಾಳೂ ಅವರಿಗೆ ಸಲ್ಲಬೇಕಾದುದೆಂದು ಹೇಳಿಕೊಂಡರಂತೆ. 1920ರಲ್ಲಿ ಪುಣೆಯಲ್ಲಿ ಚತುಷ್ಕೋನ ಪಂದ್ಯಾವಳಿ ನಡೆದಾಗ ಮಾತು ಮೌನದ ಎಲ್ಲೆಯನ್ನು ದಾಟಿತು. ಬಾಳೂ ಅವರನ್ನು ಆಯ್ಕೆಯಿಂದ ಬಿಡಲಾಗಿತ್ತು. ಪೈ ಅಸ್ವಸ್ಥರಾಗಿದ್ದರು. ಅವರ ಸ್ಥಾನ ತಮ್ಮ ವಿಠ್ಠಲನಿಗೆ ಬರುವುದೆಂದು ಹಲವರು ನಂಬಿದ್ದರು. ಆಯ್ಕೆಗಾರರು ಬ್ರಾಹ್ಮಣರಾದ ದೇವಧರರನ್ನು ಹೆಸರಿಸಿದರು. ವಿಠ್ಠಲ, ಶಿವರಾಮ ಇಬ್ಬರೂ ತಂಡದಿಂದ ಹೊರಬಂದು, ಕಾರಣ ಜಾತಿಯೇ ಎಂದು ಬಹಿರಂಗವಾಗಿ ಹೇಳಿದರು. ದೇವಧರರ ಯೋಗ್ಯತೆಯನ್ನು ಇಲ್ಲಿ ಯಾರೂ ಅಲ್ಲಗಳೆಯಬೇಕಾಗಿಲ್ಲ. ಮುಂದೆ ಅವರು ದೊಡ್ಡ ಆಟಗಾರರಾಗಿಯೇ ಬಾಳಿದರು. ಪ್ರಶ್ನೆ ಸರದಿಯದು. ಗದ್ದಲದ ಫಲವಾಗಿ ಮುಂದಿನ ಪಂದ್ಯಕ್ಕೆ ಸಹೋದರರು ಮರಳಿದರು, ಪೈ ನಾಯಕರಾದರು, ಬಾಳೂ ಉಪನಾಯಕರಾದರು. ಪೈ ಮೈದಾನದಿಂದ ಹೊರಗಿದ್ದಷ್ಟು ಹೊತ್ತು ಬಾಳೂ ತಂಡವನ್ನು ನಡೆಸಿದರು. ಅವರ ಪಾಲಿನ ನಾಯಕತ್ವವೆಲ್ಲ ಅಷ್ಟೇ. ಮೂರು ವರ್ಷಗಳ ಬಳಿಕ, 1923ರಲ್ಲಿ, ವಿಠ್ಠಲನು ನಾಯಕನಾಗಿ ಬಿಳಿಯರನ್ನು ಸೋಲಿಸಿದ. ಅಂದು ಜನ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು.

ಬಾಳೂ ಅವರ ಲೆಕ್ಕ ಮುಗಿದಾಗ ಮೊದಲ ದರ್ಜೆಯ 33 ಪಂದ್ಯಗಳಲ್ಲಿ 179 ವಿಕೆಟ್ಟುಗಳಿದ್ದವು, ಒಂದೊಂದಕ್ಕೆ ಸುಮಾರು ಹದಿನೈದು ರನ್ನು. ಆ ಪಂದ್ಯಗಳೆಲ್ಲ ಮೂವತ್ತರ ಆಸುಪಾಸಿನಿಂದ ಈಚಿನವು. ತಾರುಣ್ಯದ ಬೌಲಿಂಗು ಪೂನಾ ಕ್ಲಬ್ಬಿನ ಬಲೆಯೊಳಗೆ ಸವೆದುಹೋಗಿತ್ತು.

ರಾಜಕಾರಣದಲ್ಲಿ ಅವರ ಹೆಜ್ಜೆಗಳು ಆಟದಷ್ಟು ಖಚಿತವಾಗಿರಲಿಲ್ಲ. 1932ರ ಸೆಪ್ಟೆಂಬರಿನಲ್ಲಿ ಗಾಂಧೀಜಿಯವರ ಉಪವಾಸವನ್ನು ಕೊನೆಗಾಣಿಸಿದ ಪುಣೆಯ ಒಪ್ಪಂದಕ್ಕೆ ಅವರೂ ಸಹಿ ಹಾಕಿದರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಅವರನ್ನು ಮುಂಬಯಿಯಲ್ಲಿ ಡಾಕ್ಟರ್ ಅಂಬೇಡ್ಕರರ ಎದುರು ನಿಲ್ಲಿಸಿತು. ಇಂಗ್ಲೆಂಡಿನ ಪ್ರವಾಸ ನಡೆದಾಗ ಅಂಬೇಡ್ಕರರು ಮುಂಬಯಿಯಲ್ಲಿ ಕಾಲೇಜು ವಿದ್ಯಾರ್ಥಿ. ಬಾಳೂ ಅವರ ಕೀರ್ತಿ ದಲಿತ ಕೇರಿಗಳಲ್ಲೆಲ್ಲ ಹಬ್ಬಿದ ಕಾಲವದು. ಒಂದೇ ನೋವನ್ನುಂಡ ಇಬ್ಬರನ್ನು ಹೀಗೆ ಎದುರುಬದುರಾಗಿಸಿದ್ದು ಕಾಂಗ್ರೆಸ್ಸಿಗೆ ಶೋಭೆ ತಂದ ಕೆಲಸವೆಂದು ನನಗೆ ತೋರುವುದಿಲ್ಲ. ಅಂಬೇಡ್ಕರರಿಗೆ 13,245 ಮತಗಳು ಬಂದವು, ಬಾಳೂ ಅವರಿಗೆ 11,225.

ಅನಂತರ ಅವರು ಮೆಲ್ಲನೆ ಜನರ ಕಣ್ಣಿನಿಂದ ಮರೆಯಾದರು. 1955ರ ಜುಲೈ 4ರಂದು ಮುಂಬಯಿಯಲ್ಲಿ ತೀರಿಕೊಂಡರು. ಸಾಂತಾಕ್ರೂಜಿನಲ್ಲಿ ನಡೆದ ಅಂತ್ಯಕ್ರಿಯೆಗೆ ಕ್ರಿಕೆಟ್ ಮಂಡಳಿಯವರೂ ದಲಿತ ಮುಖಂಡರೂ ಬಂದಿದ್ದರು.