ಹಾಫ್ಕಿನ್ ಮತ್ತು ಒಂದು ಬಾಟಲಿಯ ಲೆಕ್ಕ

ಉಮರ್ಗಾ, ನಿಲಂಗಾ, ಉದಗೀರ್ ಭಾಗದವರು ಮುಂಬೈನ ಹಾಫ್ಕಿನ್ ಸಂಸ್ಥೆಯ ಹೆಸರು ಕೇಳಿಯೇ ಇರುತ್ತೀರಿ. 1860ರಲ್ಲಿ ಒಡೆಸ್ಸಾದಲ್ಲಿ ಹುಟ್ಟಿದ ವಾಲ್ಡೆಮಾರ್ ಹಾಫ್ಕಿನ್, ಮುಂಬೈಗೆ ಪ್ಲೇಗ್ ಬಂದಾಗ ಲಸಿಕೆ ತಯಾರಿಸಿದರು. 1897ರ ಜನವರಿ 10ರಂದು ಮೊದಲು ತಾವೇ ಚುಚ್ಚಿಸಿಕೊಂಡರು. ಮರುವರ್ಷ ಹುಬ್ಬಳ್ಳಿಯಲ್ಲೂ ಸಾವಿರಾರು ಜನ ಅದನ್ನು ಪಡೆದರು.

1902ರಲ್ಲಿ ಪಂಜಾಬಿನ ಮುಲ್ಕೊವಾಲ ಹಳ್ಳಿಯಲ್ಲಿ ಲಸಿಕೆ ಪಡೆದ 107 ಮಂದಿಯಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ಹಾಫ್ಕಿನ್ ಅಮಾನತಾದರು. ಆದರೆ ಆ 19 ಮಂದಿಗೂ ಚುಚ್ಚಿದ್ದು ಒಂದೇ ಬಾಟಲಿಯ ಔಷಧ. ಬೇರೆ ಬಾಟಲಿಗಳಿಂದ ಪಡೆದ 88 ಮಂದಿಯಲ್ಲಿ ಒಬ್ಬರಿಗೂ ಧನುರ್ವಾಯು ಬರಲಿಲ್ಲ. ಲಸಿಕೆಯೇ ವಿಷವಾಗಿದ್ದರೆ ಇವರು ಉಳಿದದ್ದು ಹೇಗೆ? ಆ ಬಾಟಲಿ ತೆರೆಯುವಾಗ ಇಕ್ಕಳ ನೆಲಕ್ಕೆ ಬಿದ್ದಿತ್ತಂತೆ. ಇಷ್ಟು ಸರಳ ಲೆಕ್ಕ ಒಪ್ಪಲು ಸರ್ಕಾರಕ್ಕೆ 1907ರವರೆಗೆ ಬೇಕಾಯಿತು!

ಸಂಸ್ಥೆಗೆ ಅವರ ಹೆಸರಿಟ್ಟದ್ದು 1925ರಲ್ಲಿ. ಐದು ವರ್ಷದ ನಂತರ ಅವರು ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡರು.